ಹಳೆಯ ರಿಲೇ ಎಲ್ಲಿ ಹೋಯಿತು

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವುದು ನನ್ನ ಕೆಲಸಗಳಲ್ಲಿ ಒಂದು. ಮಾರುವವನು “ಇನ್ನಾ ನಾಕು ಹಲ್ಲಿಂದು ರೀ” ಎಂದರೆ ನಾನು ಮೊದಲು ಅವನ ಮುಖ ನೋಡುತ್ತೇನೆ, ಆಮೇಲೆ ಎತ್ತಿನ ಬಾಯಿ. ಈ ಚಟ ಮನೆಗೂ ಬಂದಿದೆ. ಹಾಲಿನವನು, ತರಕಾರಿಯವಳು, ಕಟ್ಟಿಕೊಂಡ ಗಂಡ, ಯಾರೂ ನನ್ನ ಸಂಶಯದಿಂದ ತಪ್ಪಿಸಿಕೊಂಡವರಲ್ಲ. ಬಹಳ ವರ್ಷ ತಪ್ಪಿಸಿಕೊಂಡಿದ್ದವನು ಒಬ್ಬನೇ, ಮಾನ್ವಿಯಲ್ಲಿ ನನ್ನ ಸ್ಕೂಟರ್ ನೋಡಿಕೊಳ್ಳುವ ಮಿಸ್ತ್ರಿ.

ಗ್ಯಾರೇಜಿಗೆ ಹೆಂಗಸು ಹೋದರೆ ಗಾಡಿಯಲ್ಲಿ ಇಲ್ಲದ ರೋಗವೆಲ್ಲ ಹುಟ್ಟುತ್ತದೆ. ಅದನ್ನು ನಾನು ಅನುಭವಿಸಿ ತಿಳಿದಿದ್ದೇನೆ. ಈ ಮಿಸ್ತ್ರಿ ಹಾಗಲ್ಲ. ಏನೇ ಬದಲಿಸಿದರೂ ಹಳೆಯ ಸಾಮಾನನ್ನು ಒರೆಸಿ, ಪಕ್ಕದ ಟೇಲರ್ ಅಂಗಡಿಯ ಚಿಂದಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗೆ ಕೊಡುತ್ತಿದ್ದ. “ತಗೋ ಅಕ್ಕಾ, ನಿನ್ನ ಸಾಮಾನು ನಿನ್ನ ಹಂತೇಕ ಇರಲಿ” ಎನ್ನುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಮನೆಗೆ ಬಂದು ಆ ಗಂಟನ್ನು ನಾನು ಕಸಕ್ಕೆ ಹಾಕುತ್ತಿದ್ದೆ. ಆದರೂ ಕೊಟ್ಟನಲ್ಲ ಎಂಬುದೇ ನನಗೆ ದೊಡ್ಡದು.

ಒಂದು ಸಂಜೆ ಕವಿತಾಳದಿಂದ ಬರುವಾಗ ನಾನು ಬಲಕ್ಕೆ ತಿರುಗುವುದು ಹಿಂದಿನ ಲಾರಿಯವನಿಗೆ ಕಾಣಲೇ ಇಲ್ಲ. ಕೂದಲೆಳೆಯಲ್ಲಿ ಉಳಿದೆ. ಇಂಡಿಕೇಟರಿನ ಹಳೆಯ ಬಲ್ಬುಗಳು ಅಷ್ಟು ಮಂಕಾಗಿದ್ದವು. ಮುಂದಿನ ವಾರ ಮೀಟಿಂಗಿಗೆಂದು ರಾಯಚೂರಿಗೆ ಹೋದಾಗ ನಾಲ್ಕು ಎಲ್‌ಇಡಿ ಬಲ್ಬು ತಂದು ಮಿಸ್ತ್ರಿಗೆ ಕೊಟ್ಟೆ. ಹಾಕಿದ. ಬೆಳಕು ಕಣ್ಣು ಕುಕ್ಕುವಂತಿತ್ತು. ಆದರೆ ಸ್ವಿಚ್ ಒತ್ತಿದರೆ ಟಿಕಟಿಕಟಿಕ ಎಂದು ದೆವ್ವ ಹಿಡಿದಂತೆ ಮಿಣುಕುತ್ತಿತ್ತು. ಬಲ್ಬು ಕೊಟ್ಟ ರಾಯಚೂರಿನವನು ಮೋಸ ಮಾಡಿದ ಎಂದು ನಾನು ಅಲ್ಲಿಯೇ ತೀರ್ಪು ಕೊಟ್ಟೆ.

“ಅವನದೇನು ತಪ್ಪಿಲ್ಲಕ್ಕಾ” ಎಂದು ಮಿಸ್ತ್ರಿ ಬೆಂಕಿಪೊಟ್ಟಣಕ್ಕಿಂತ ಸಣ್ಣದಾದ ಕರಿ ಡಬ್ಬಿಯೊಂದನ್ನು ಮುಟ್ಟಿ ತೋರಿಸಿದ. “ಮಿಣಕಸೋದು ಈ ರಿಲೇ. ಹಳೀ ಬಲ್ಬು ಕರೆಂಟ್ ಗಟಗಟ ಕುಡೀತಿತ್ತು. ಎಲ್‌ಇಡಿ ಒಂದು ಗುಟುಕು ಕುಡೀತದ. ಅದಕ್ಕ ಈ ರಿಲೇಗೆ ಸಂಶೇ ಬಂದದ, ಬಲ್ಬು ಸುಟ್ಟೋಗ್ಯಾದ ಅಂತ. ಹಿಂಗ ಎದಿ ಬಡಕೊಳ್ಳಾಕತ್ತದ. ಎಲ್‌ಇಡಿಗೆ ಬ್ಯಾರೇ ರಿಲೇ ಬರತದ. ಅದು ಯಾರು ಎಷ್ಟು ಕುಡದ್ರು ನೋಡಂಗಿಲ್ಲ, ತನ್ನ ಪಾಡಿಗೆ ತಾನು ಮಿಣಕಸತದ.”

ಅವತ್ತು ನನಗೆ ಲಸಿಕೆಯ ಕೆಲಸವಿತ್ತು, ಇಲಾಖೆಯ ಜೀಪು ಕಾಯುತ್ತಿತ್ತು. ಆ ಬೇರೆ ರಿಲೇ ಹಾಕಿಡು ಎಂದು ಕೀಲಿ ಕೊಟ್ಟು ಹೋದೆ. ಸಂಜೆ ಬಂದಾಗ ಗ್ಯಾರೇಜು ಮುಚ್ಚಿತ್ತು. ಮಿಸ್ತ್ರಿ ಕಲ್ಮಲಕ್ಕೆ ಮದುವೆಗೆ ಹೋಗಿದ್ದ, ಕೀಲಿಯನ್ನು ಟೇಲರ್ ಕೊಟ್ಟ. ಸ್ವಿಚ್ ಒತ್ತಿದೆ. ಇಂಡಿಕೇಟರ್ ನಿಧಾನವಾಗಿ, ಮರ್ಯಾದಸ್ಥರ ಹಾಗೆ ಮಿಣುಕಿತು. ಖುಷಿಯಿಂದ ಮನೆಗೆ ಬಂದೆ.

ಎರಡು ವಾರದ ನಂತರ ದೇವದುರ್ಗದ ಹಳ್ಳಿಗಳಿಗೆ ಲಸಿಕೆ ಕೆಲಸಕ್ಕೆ ನನ್ನನ್ನು ಹಾಕಿದರು. ಅಲ್ಲಿ ಗಾಡಿ ಪಂಕ್ಚರ್ ಆಯಿತು. ಪಂಕ್ಚರ್ ಹಾಕಲು ಕುಳಿತವನು ಎಲ್‌ಇಡಿ ಇಂಡಿಕೇಟರ್ ನಿಧಾನ ಮಿಣುಕುವುದನ್ನು ನೋಡಿ, “ರಿಲೇ ಬದ್ಲಿ ಮಾಡಸೀರಲ್ಲ ಮೇಡಂ, ಹಳೇದು ವಾಪಸ್ ಕೊಟ್ಟಾನೇನು?” ಎಂದ. ಇಲ್ಲ ಎಂದೆ. ಅವನು ಟ್ಯೂಬಿನಿಂದ ತಲೆ ಎತ್ತದೆ ನಕ್ಕ. “ಕಂಪನಿ ಮಾಲು ರೀ ಅದು. ಎಲ್ಲಿ ಕೊಡ್ತಾರ? ಮತ್ತೊಬ್ಬರ ಗಾಡಿಗೆ ಹೊಸಾದು ಅಂತ ಕುಂತಿರತದ.”

ಅಷ್ಟೇ ಮಾತು. ದೇವದುರ್ಗದಿಂದ ಮಾನ್ವಿಯವರೆಗೆ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಅದೇ. ಎಂದೂ ತಪ್ಪದವನು ಈ ಸಲ ಹಳೆಯ ಸಾಮಾನು ಕೈಗೆ ಕೊಡಲಿಲ್ಲ, ಏಕೆ? ನಾನು ಬರುವ ಹೊತ್ತಿಗೇ ಅಂಗಡಿ ಮುಚ್ಚಿದ, ಏಕೆ? ಕಲ್ಮಲದ ಮದುವೆ ನಿಜವೋ ಸುಳ್ಳೋ? ಹೋದ ವರ್ಷ ಬದಲಿಸಿದ ಬ್ಯಾಟರಿಯೂ ನೆನಪಾಯಿತು, ಅದರ ಹಿಂದಿನ ವರ್ಷದ ಬ್ರೇಕೂ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಊರು ಸೇರುವಷ್ಟರಲ್ಲಿ ಅವನು ಪಕ್ಕಾ ಕಳ್ಳನಾಗಿದ್ದ.

ನೇರ ಗ್ಯಾರೇಜಿಗೆ ಹೋದೆ. ಇಬ್ಬರು ಗಿರಾಕಿಗಳು ನಿಂತಿದ್ದರು, ಟೇಲರ್ ಬಾಗಿಲಲ್ಲಿ ಕುಳಿತಿದ್ದ. “ಹಳೀ ರಿಲೇ ಎಲ್ಲದ?” ಎಂದೆ.

“ಡಿಕ್ಕ್ಯಾಗ ಇಟ್ಟೀನಲ್ಲಕ್ಕಾ, ಕೆಂಪು ಅರಿವ್ಯಾಗ ಕಟ್ಟಿ.”

ಎಲ್ಲರೆದುರೇ ಸೀಟು ಎತ್ತಿದೆ. ಒಂದು ಒರೆಸುವ ಬಟ್ಟೆ, ನನ್ನ ರೇನ್‌ಕೋಟು. ಬೇರೇನೂ ಇಲ್ಲ. “ಸುಳ್ಳು ಹೇಳೋದಾದ್ರ ಛಂದಾಗಿ ಹೇಳಪಾ” ಎಂದೆ. “ಯಾರ ಗಾಡಿಗೆ ಹಾಕಿದಿ ಅದನ್ನ?”

ಅವನು ಕೈ ಒರೆಸಿಕೊಂಡು ಒಳಗೆ ಹೋಗಿ, ಪ್ಯಾಕೆಟ್ ಒಡೆಯದ ಹೊಸ ರಿಲೇ ಒಂದನ್ನು ತಂದು, ಪ್ಯಾಕೆಟ್ ಹರಿದು, ನನ್ನ ಅಂಗೈಯಲ್ಲಿಟ್ಟ. ನನ್ನ ಹಳೆಯದರಂಥದ್ದೇ, ಅದೇ ಕರಿ ಡಬ್ಬಿ, ಅದೇ ಎರಡು ತಾಮ್ರದ ಹಲ್ಲು. ನಾಚಿಕೆಗೆಟ್ಟವಳು ನಾನು, ಗೆದ್ದೆ ಎಂದುಕೊಂಡು ತೆಗೆದುಕೊಂಡು ಬಂದೆ.

ಮನೆಯ ಕಟ್ಟೆಯ ಮೇಲೆ ಅತ್ತೆ ಅಕ್ಕಿ ಆರಿಸುತ್ತಿದ್ದರು. ನನ್ನ ಕೈ ನೋಡಿದವರೇ ಮೊರ ಬಿಟ್ಟು ಎದ್ದುನಿಂತರು.

“ಯವ್ವಾ! ಮತ್ತ ಬಂತಲ್ಲೇ ಇದು!”

“ಏನು ಬಂತತ್ತಿ?”

“ಹೊಳ್ಯಾಗ ಬಿಟ್ಟು ಬಂದಿದ್ನಲ್ಲಬೇ. ತಿರುಗಿ ಬಂತು!”

ನೀರು ಕುಡಿಸಿ ಕೂರಿಸಿ ಕೇಳಿದ ಮೇಲೆ ಕಥೆ ಹೊರಬಂತು. ಪ್ರತಿ ಅಮವಾಸ್ಯೆ ನನ್ನ ಸ್ಕೂಟರಿಗೆ ಕಾಯಿ ಒಡೆದು ನಿಂಬೆಹಣ್ಣು ಕಟ್ಟುವುದು ಅತ್ತೆಯ ಪದ್ಧತಿ. ರಿಲೇ ಬದಲಿಸಿದ ಮೇಲೆ ಬಂದ ಅಮವಾಸ್ಯೆ ಒರೆಸುವ ಬಟ್ಟೆಗೆಂದು ಸೀಟು ಎತ್ತಿದರೆ ಕೆಂಪು ಗಂಟು. ಬಿಚ್ಚಿದರೆ ಕರಿ ಡಬ್ಬಿ, ಎರಡು ಮೊಳೆ. ಸೊಸೆಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಅವರ ಜೀವ ಹಾರಿತು. ನನ್ನ ಆಫೀಸಿನವರ ಮೇಲೂ, ನನ್ನ ಓರಗಿತ್ತಿಯ ಮೇಲೂ ಅನುಮಾನಪಟ್ಟರಂತೆ. ಬಾಯಿಬಿಟ್ಟು ಹೇಳಿದರೆ ತಟ್ಟುತ್ತದೆಂದು ಯಾರಿಗೂ ಹೇಳದೆ, ಓಣಿಯ ಹೆಂಗಸರ ಜೊತೆ ಚೀಕಲಪರ್ವಿಗೆ ಹೊಳೆಸ್ನಾನಕ್ಕೆ ಹೋಗಿ, ಗಂಟಿಗೆ ಉಪ್ಪು ಸೇರಿಸಿ, ಹಿಂದಿರುಗಿ ನೋಡದೆ ತುಂಗಭದ್ರೆಗೆ ಎಸೆದು ಬಂದಿದ್ದರು.

ನನಗೆ ನಗು ಬಂತು. ಆಮೇಲೆ ಅಂಗೈಯಲ್ಲಿದ್ದ ರಿಲೇ ನೋಡಿದೆ, ನಗು ನಿಂತಿತು. ಅತ್ತೆಗೆ ಕರಿ ಡಬ್ಬಿಯ ಅರ್ಥ ಗೊತ್ತಿರಲಿಲ್ಲ, ತಪ್ಪು ತಿಳಿದರು. ನನಗೆ ಆ ಮಿಸ್ತ್ರಿಯೇ ಗೊತ್ತಿದ್ದ, ಆದರೂ ತಪ್ಪು ತಿಳಿದೆ.

ಮರುದಿನ ಬೆಳಿಗ್ಗೆ ಹೋದೆ. ನಿನ್ನೆಯ ಗಿರಾಕಿಗಳು ಇರಲಿಲ್ಲ, ಟೇಲರ್ ಇದ್ದ. ಅವನಿಗೂ ಕೇಳುವಂತೆ ಗಟ್ಟಿಯಾಗಿ ಎಲ್ಲ ಹೇಳಿದೆ, ತಪ್ಪಾಯಿತು ಎಂದೆ, ರಿಲೇ ಹಿಂದಕ್ಕೆ ಕೊಟ್ಟೆ. ಹೊಳೆಯ ಕಥೆಗೆ ಟೇಲರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮಿಸ್ತ್ರಿಯೂ ಸ್ವಲ್ಪ ನಕ್ಕ. “ಇರಲಿ ಬಿಡ್ರಿ ಮೇಡಂ” ಎಂದ.

ಇಷ್ಟು ವರ್ಷದಲ್ಲಿ ಅವನು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ಒಂದೆರಡು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಕೆಲಸದಲ್ಲಿ ಒಂದಿಷ್ಟೂ ಕೊರತೆ ಮಾಡುವುದಿಲ್ಲ. ಆದರೆ ಈಗ ಕೀಲಿ ಕೊಟ್ಟು ಹೋಗಲು ಬಿಡುವುದಿಲ್ಲ. ಗಾಡಿಯ ಮುಂದೆ ಸ್ಟೂಲು ಹಾಕಿ, “ಕುಂದರ್ರಿ ಮೇಡಂ, ನಿಮ್ಮ ಕಣ್ಣ ಮುಂದನ ಮಾಡ್ತೀನಿ” ಎನ್ನುತ್ತಾನೆ. ನಾನು ಕೂರುತ್ತೇನೆ, ರಸ್ತೆಯ ಕಡೆ ಮುಖ ಮಾಡಿಕೊಂಡು.

ಹೋದ ತಿಂಗಳು ಬ್ರೇಕ್ ಕೇಬಲ್ ಬದಲಿಸಿದ. ಹಳೆಯದನ್ನು ಒರೆಸಿ, ಗಂಟು ಕಟ್ಟದೆ, ಅಂಗೈಯಲ್ಲೇ ಮುಂದೆ ಹಿಡಿದ. “ನೋಡ್ಕೊಳ್ರಿ, ನಿಮ್ದ ಹೌದಿಲ್ಲೋ.”

“ಹೌದಪಾ, ನಂದ” ಎಂದೆ ನೋಡದೆಯೇ.

ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ತಿರುಗಿ ಕಣ್ಣಾರೆ ನೋಡುವವರೆಗೂ ಹಾಗೆಯೇ ಹಿಡಿದು ನಿಂತಿದ್ದ.