ತಾಳ ಕಿತ್ತುಕೊಂಡ ಸೋಮವಾರ

ಲಕ್ವ ಹೊಡೆದು ನನ್ನ ಬಲಗೈ ಬಿದ್ದುಹೋದ ಮೇಲೆ, ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಚಳ್ಳಕೆರೆಗೆ ಫಿಸಿಯೋಥೆರಪಿಗೆ ಹೋಗುತ್ತಿದ್ದೆ. ಅಲ್ಲಿನ ಹುಡುಗಿ ಮೊಬೈಲಿನಲ್ಲಿ ಹಾಡು ಹಾಕಿ, ಅದರ ಲಯಕ್ಕೆ ಸರಿಯಾಗಿ ಡ್ರಮ್ ಬಡಿಯಿರಿ ಎನ್ನುತ್ತಿದ್ದಳು. ಹೇಗೆ ಬಡಿದರೂ "ಸೂಪರ್ ಅಂಕಲ್!" ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತು ವರ್ಷ ಭಜನೆಯಲ್ಲಿ ತಾಳ ಹಾಕಿದವನಿಗೆ ಲಯ ತಪ್ಪಿದ್ದು ಗೊತ್ತಾಗುವುದಿಲ್ಲವೇ? ಆದರೂ ಬಿಡದೆ ಬಡಿದೆ. ಬೆರಳುಗಳು ನಿಧಾನವಾಗಿ ಹಿಡಿತ ಕಲಿತವು.

ನಮ್ಮ ಭಜನೆಯಲ್ಲಿ ಒಂದು ಪದ್ಧತಿ ಐತೆ: ತಾಳ ತಪ್ಪಿದವನ ಕೈಯಿಂದ ಪಕ್ಕದವನು ತಾಳ ಕಿತ್ತುಕೊಳ್ಳುತ್ತಾನೆ. ಕಾಯಿಲೆಯಾದ ಮೇಲೆ ನಾನು ಹೋಗಿ ಕೂತಾಗ ಯಾರೂ ಕಿತ್ತುಕೊಳ್ಳಲಿಲ್ಲ. ನಾನು ತಡವರಿಸಿದ ಕಡೆಯೆಲ್ಲ ಅವರೇ ಹಾಡನ್ನು ನಿಧಾನ ಮಾಡಿಕೊಂಡರು. ಅಷ್ಟು ಅವಮಾನ ನನಗೆ ಆಸ್ಪತ್ರೆಯಲ್ಲೂ ಆಗಿರಲಿಲ್ಲ.

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಸೋಮವಾರ, ಹಾಡು ಏರುತ್ತಿದ್ದಾಗ ಒಂದು ಪೆಟ್ಟು ತಪ್ಪಿದೆ. ಪಕ್ಕದಲ್ಲಿ ಕೂತಿದ್ದ ಹಳೇ ಗೆಳೆಯ "ಲೇ, ಗ್ಯಾನ ಎಲ್ಲೈತೆ?" ಎಂದು ಗದರಿ, ತಾಳಕ್ಕೆ ಕೈ ಹಾಕಿದ. ನನ್ನ ಬಲಗೈಯಿಂದ ಅದನ್ನು ಬಿಡಿಸಲು ಅವನು ಎರಡು ಸಲ ಜಗ್ಗಬೇಕಾಯಿತು.

ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ: "ಇವತ್ತು ತಾಳ ಕಿತ್ಕೊಂಡ್ರು ಕಣೇ. ಕೈ ವಾಸಿಯಾಯ್ತು."