ವತ್ಸಲಕ್ಕನ ಎರಡು ಸೀಟಿನ ಕಾರು

ವತ್ಸಲಕ್ಕನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಎದುರಿಗಿದ್ದವರು ಮೈಯೆಲ್ಲ ಕಿವಿಯಾಗಿ ಕೇಳಬೇಕು, ಅಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ನಾನು ಪಾಠ ಹೇಳುತ್ತಿದ್ದ ಹೆಣ್ಣುಮಕ್ಕಳ ಕಾಲೇಜಿನಲ್ಲೇ ಅವರು ಗಣಿತ ಕಲಿಸುತ್ತಿದ್ದರು. ನಮ್ಮಂತೆ ಅವರದೂ ರಾಯಚೂರು ಕಡೆಯ ಮನೆತನ. ಕಾಚಿಗುಡಾದಲ್ಲಿ ನೆಲೆನಿಂತು ಎರಡು ತಲೆಮಾರಾಗಿತ್ತು. ಗಂಡ ಬಿಟ್ಟುಹೋದದ್ದು ಒಂದು ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಮಡಚುವ ಕ್ಯಾನ್ವಾಸು. ಅವರು ತೀರಿಕೊಂಡ ಮೇಲೆ ವತ್ಸಲಕ್ಕ ಅದನ್ನು ಓಡಿಸಲು ಕಲಿತು ದಿನವೂ ಕಾಲೇಜಿಗೆ ತರುತ್ತಿದ್ದರು. ಪಕ್ಕದ ಸೀಟು ನನ್ನದು.

ನಮ್ಮವರಿಗೆ ಇದು ಕಣ್ಣುರಿ. ವಿಧವೆಯೊಬ್ಬಳು ತೆರೆದ ಕಾರಿನಲ್ಲಿ ತಿರುಗುವುದೇ ಎಂದು ಸುಲ್ತಾನ್ ಬಜಾರಿನಲ್ಲಿ ಸೀರೆ ಆರಿಸುತ್ತಲೇ ಆಡಿಕೊಂಡವರಿದ್ದರು. ಎಲ್ಲರಿಗಿಂತ ಹೆಚ್ಚು ಉರಿದವನು ಅವರ ಮೈದುನ ಗೋವಿಂದರಾವ್, ಸರ್ಕಾರಿ ಕಚೇರಿಯ ದೊಡ್ಡ ಅಧಿಕಾರಿ. ಹಬ್ಬಕ್ಕೊಮ್ಮೆ ಬಂದು, ಕಾರು ಮಾರಿ ಮರ್ಯಾದೆಯಿಂದ ಇರಬೇಕೆಂದು ಅತ್ತಿಗೆಗೆ ಬುದ್ಧಿ ಹೇಳುತ್ತಿದ್ದ.

"ಕಾರಿಗೆ ಗಂಡಸು ಹೆಂಗಸು ಗೊತ್ತಾಗಂಗಿಲ್ಲ, ಗೋವಿಂದ," ಎನ್ನುತ್ತಿದ್ದರು ವತ್ಸಲಕ್ಕ. "ಯಾರು ನೀರು, ಎಣ್ಣಿ ನೋಡ್ತಾರೋ ಅವರ ಮಾತು ಕೇಳ್ತೈತಿ."

ಒಂದು ಬೇಸಿಗೆಯಲ್ಲಿ ಸಿಕಂದರಾಬಾದಿನ ದಾರಿಯಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಎರಕದ ಭಾಗ, ಮಿಸ್ತ್ರಿಗಳು 'ಹೆಡ್' ಎನ್ನುವುದು, ಬಿರುಕು ಬಿಟ್ಟಿತ್ತು. ಸುದ್ದಿ ತಿಳಿದ ಗೋವಿಂದರಾವ್ ತಾನಾಗಿ ಬಂದ. ಸನತ್‌ನಗರದಲ್ಲಿ ಪರಿಚಯದ ಗ್ಯಾರೇಜಿದೆಯೆಂದು ಕಾರನ್ನು ಎಳೆಸಿಕೊಂಡು ಹೋದ. ಎಷ್ಟಾದರೂ ಅಣ್ಣನ ನೆನಪಲ್ಲವೇ ಎಂದು ವತ್ಸಲಕ್ಕ ಕಣ್ಣೊರೆಸಿಕೊಂಡರು. ಬೇರೆ ಹೆಡ್ ಹಾಕಿದ್ದಾಗಿದೆ ಎಂಬ ಮಾತಿನೊಂದಿಗೆ ಕಾರು ಮರಳಿತು. ವಾರ ಕಳೆಯುವುದರಲ್ಲಿ ಟ್ಯಾಂಕ್ ಬಂಡ್ ರಸ್ತೆಯ ನಟ್ಟನಡುವೆ ಮತ್ತೆ ಹಬೆ, ಹಿಂದೆ ಹಾರನ್ನುಗಳ ಬೊಬ್ಬೆ, ಸ್ಕೂಟರಿನವರ ನಗೆ.

ಈ ಸಲ ನಾವಿಬ್ಬರೇ ಗ್ಯಾರೇಜಿಗೆ ಹೋದೆವು. ಮನೆಯ ಗಂಡಸರನ್ನು ಕಳಿಸಿ, ಅವರ ಹತ್ತಿರ ಮಾತಾಡುತ್ತೇನೆ ಎಂದ ಮಾಲೀಕ. ವತ್ಸಲಕ್ಕ ಸ್ಟೂಲು ಎಳೆದುಕೊಂಡು ಕೂತರು.

"ಮೇರೆ ಸಾಮ್ನೇಚ್ ಖೋಲೋ."

ಅವರೆದುರಿಗೇ ಬಿಚ್ಚಬೇಕಾಯಿತು. ಹೊಸ ಬೆಳ್ಳಿಬಣ್ಣ ಕೆರೆದರೆ ಕೆಳಗೆ ಅದೇ ಹಳೆಯ ಹೆಡ್, ಅದೇ ಬಿರುಕು, ಒಳಗೆ ಮೆತ್ತಿದ ಅಂಟಿನ ಲೇಪ. ಮಾಲೀಕ ತಲೆ ತಗ್ಗಿಸಿ ಬಾಯಿಬಿಟ್ಟ. ಮೇಲೆ ಮೇಲೆ ಮೆತ್ತಿ ಕಳಿಸು, ನಾಲ್ಕು ಸಲ ರಸ್ತೆಯಲ್ಲಿ ನಿಂತರೆ ಬೇಸತ್ತು ಮಾರುತ್ತಾಳೆ ಎಂದು ಗೋವಿಂದರಾವ್ ಹೇಳಿದ್ದನಂತೆ. ಕೊಳ್ಳುವವನನ್ನೂ ಗೊತ್ತುಮಾಡಿ ಇಟ್ಟಿದ್ದನಂತೆ.

ಇಂದಿಗೂ ನೆನೆದರೆ ನನ್ನ ಮೈ ಉರಿಯುತ್ತದೆ. ಇಂಜಿನ್ ಸೀದು ಎಲ್ಲೋ ನಿರ್ಜನ ದಾರಿಯಲ್ಲಿ ನಿಂತಿದ್ದರೆ? ತನ್ನ ಮಾನಕ್ಕಾಗಿ ಅತ್ತಿಗೆಯನ್ನು ನಡುಬೀದಿಯಲ್ಲಿ ನಿಲ್ಲಿಸಿದವನು ಇವನು.

ಅಲ್ಲಿಂದ ನೇರ ಅವನ ಮನೆಗೆ ಹೋದೆವು. ಹೆಂಡತಿ ಕಮಲಾಬಾಯಿ ನೀರು ತಂದು ನಿಂತಿದ್ದರು. ವತ್ಸಲಕ್ಕ ಲೋಟ ಮುಟ್ಟಲಿಲ್ಲ.

"ಕಾರು ಬೇಕಿದ್ರ ಕೇಳಬೇಕಿತ್ತು, ಗೋವಿಂದ. ಕೊಡಂಗಿಲ್ಲ ಅಂತಿದ್ದೆ, ಅಷ್ಟ. ನಂಬಿಸಿ ಯಾಕ ಒಡಕ ಹೆಡ್ ಇಡಿಸಿದಿ?"

ಮನೆತನದ ಮಾನದ ಸಲುವಾಗಿ ಎಂದ ಅವನು. ವತ್ಸಲಕ್ಕ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಆಮೇಲೆ ಸಿಕಂದರಾಬಾದಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದೆವು. ಅಪಘಾತದಲ್ಲಿ ನುಜ್ಜುಗುಜ್ಜಾದ ಅದೇ ಜಾತಿಯ ಕಾರೊಂದರ ಹೆಡ್ ಸಿಕ್ಕಿತು. ಬೇರೆ ಮಿಸ್ತ್ರಿ ಅದಕ್ಕೆ ನೀರು ತುಂಬಿಸಿ, ಒತ್ತಡ ಕೊಟ್ಟು, ಎಲ್ಲೂ ಜಿನುಗದ್ದನ್ನು ತೋರಿಸಿದ ಮೇಲೆಯೇ ವತ್ಸಲಕ್ಕ ಕೂಡಿಸಲು ಬಿಟ್ಟರು. ಕಣ್ಣು ಮಂಜಾಗುವವರೆಗೂ ಆ ಕಾರು ಓಡಿಸಿದರು.

ಅವರು ತೀರಿಕೊಂಡಾಗ ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತ ಗೋವಿಂದರಾವ್, ಅತ್ತಿಗೆಯ ಕಾರು ಕೆಟ್ಟಾಗ ತಾನೇ ಓಡಾಡಿ ದುರಸ್ತಿ ಮಾಡಿಸಿದ್ದನ್ನು ನೆಂಟರಿಗೆ ವರ್ಣಿಸುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ, ಸಾರು ಬಡಿಸುತ್ತಿದ್ದ ಕಮಲಾಬಾಯಿ ಅವನ ಎಲೆಯ ಮುಂದೆ ನಿಂತರು.

"ಸತ್ತವರ ಊಟದಾಗ ಸುಳ್ಳ ಹೇಳಬ್ಯಾಡ್ರಿ. ಒಡಕ ಹೆಡ್ಡಿಗೆ ಬಣ್ಣ ಬಳಿಸಿದವರು ನೀವು."

ಪಾತ್ರೆಯನ್ನು ನೆಲಕ್ಕಿಟ್ಟು ಆಕೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಗೋವಿಂದರಾವ್ ಸಾರು ಕೇಳಿದ. ಬಡಿಸಲು ಯಾರೂ ಬರಲಿಲ್ಲ.