ಶಾಹೀನಾಳ ವಿಮಾನದ ರೆಕ್ಕೆ

ಶಾಹೀನಾ, ಆ ದಿನ ನಿನ್ನ ವಿಮಾನ ಬಿದ್ದದ್ದು ನಿನ್ನ ತಪ್ಪಿನಿಂದಲ್ಲ. ಅದರ ರೆಕ್ಕೆಯನ್ನು ಹಿಂದಿನ ಸಂಜೆಯೇ ನಾನು ಮುರಿದಿದ್ದೆ. ಎಂಟು ವರ್ಷ ಈ ಮಾತನ್ನು ನುಂಗಿಕೊಂಡು ಓಡಾಡಿದ್ದೇನೆ—

ಚಾಮರಾಜನಗರದಲ್ಲಿ ಡಿಪ್ಲೊಮಾ ಓದುವಾಗ ನಮಗಿಬ್ಬರಿಗೂ ರಿಮೋಟ್ ವಿಮಾನಗಳ ಹುಚ್ಚು. ಗುಂಡ್ಲುಪೇಟೆಯಲ್ಲಿ ನಿಮ್ಮ ಅಬ್ಬಾನ ಮರಗೆಲಸದ ಅಂಗಡಿಯ ಮೂಲೆಯಲ್ಲಿ ಕೂತು ಫೋಮ್ ಶೀಟ್ ಕೊಯ್ಯುತ್ತಿದ್ದೆವು. ನನಗೆ ರೆಕ್ಕೆ ವಿಮಾನದ ಹೊಟ್ಟೆಯ ಕೆಳಗಿರಬೇಕು, ವಿಮಾನ ಪಲ್ಟಿ ಹೊಡೆಯಬೇಕು. ನಿನಗೆ ಬೆನ್ನ ಮೇಲಿರಬೇಕು, ತುದಿಗಳು ಕೊಂಚ ಎದ್ದಿರಬೇಕು. "ರೆಕ್ಕೆ ಮ್ಯಾಲಿದ್ರೆ ಗಾಳಿ ವಾಲ್ಸುದ್ರೂ ತಾನೇ ಸರಿ ಓಯ್ತದೆ ಕಣಮ್ಮಿ," ಅನ್ನುತ್ತಿದ್ದೆ ನೀನು.

ಸ್ಪರ್ಧೆಗೆ ಕಾಲೇಜಿನಿಂದ ಒಂದೇ ವಿಮಾನ ಹೋಗಬೇಕಿತ್ತು. ಬೇಗೂರಿನ ಬಯಲಿನಲ್ಲಿ ಎರಡನ್ನೂ ಹಾರಿಸಿ ನೋಡೋಣ ಎಂದರು ಮೇಷ್ಟ್ರು. ಬಣ್ಣ ಬಳಿಯಲೆಂದು ನೀನು ನಿನ್ನದನ್ನು ನನ್ನ ಕೈಗೆ ಕೊಟ್ಟಿದ್ದೆ. ಹರದನಹಳ್ಳಿಯ ನಮ್ಮ ಹೊಲದಲ್ಲಿ ಅದನ್ನು ನಾನೊಬ್ಬಳೇ ಹಾರಿಸಿದೆ. ಎಷ್ಟು ಚೆನ್ನಾಗಿ ತೇಲಿತು! ಹೊಟ್ಟೆಕಿಚ್ಚೋ ಏನೋ—ಅದರ ಕೈಲೂ ಪಲ್ಟಿ ಹೊಡೆಸಲು ಹೋದೆ. ಬದುವಿಗೆ ಬಡಿಯಿತು. ರೆಕ್ಕೆಯೊಳಗಿನ ಬಿದಿರಿನ ಕಡ್ಡಿ ಸೀಳಿತ್ತು. ಟೇಪು ಸುತ್ತಿ, ಮೇಲೆ ಬಣ್ಣ ಬಳಿದೆ.

ಮಾರನೆಯ ದಿನ ನೀನು ಅದನ್ನು ಮೊದಲ ತಿರುವಿಗೆ ತಂದೆ. ಎಲ್ಲರ ಕಣ್ಣೆದುರೇ ರೆಕ್ಕೆ ಮಡಚಿಕೊಂಡಿತು. ಚೂರುಗಳನ್ನು ದುಪಟ್ಟಾದಲ್ಲಿ ಆಯ್ದುಕೊಂಡು ಬಂದು, "ನನ್ ಲೆಕ್ವೇ ತಪ್ಪಾಗೋಯ್ತು. ನಿಂದೇ ಸರಿ ಕಣಮ್ಮಿ, ನಿಂದ್ನೇ ಕಳ್ಸನ," ಎಂದೆಯಲ್ಲ... ಹೇಳಲೆಂದು ಬಾಯಿ ತೆರೆದೆ. ಮೇಷ್ಟ್ರು ನನ್ನ ಹೆಸರು ಬರೆದುಕೊಳ್ಳುತ್ತಿದ್ದರು. ಮುಚ್ಚಿಕೊಂಡೆ.

ಆಮೇಲೆ ನೀನು ವಿಮಾನ ಮುಟ್ಟಲಿಲ್ಲ. ಸ್ಪರ್ಧೆಯಲ್ಲಿ ನನಗೇನೂ ಸಿಗಲಿಲ್ಲ. ಅದಾದ ಮೇಲಾದರೂ ಹೇಳಬಹುದಿತ್ತು—ಹೇಳಲಿಲ್ಲ. ಈಗಲೂ ಬಿಡುವಾದಾಗ ಹಾರಿಸುತ್ತೇನೆ. ವಿಮಾನ ನೆಲ ಬಿಟ್ಟ ಕೂಡಲೇ, ಪಕ್ಕದಲ್ಲಿ ನಿಂತು "ಒಸಿ ಎಡುಕ್ಕೆ, ಒಸಿ ಎಡುಕ್ಕೆ" ಅನ್ನುವ ನಿನ್ನ ದನಿಗಾಗಿ ಕಿವಿ ಕಾಯುತ್ತದೆ. ಗಾಳಿ ಮಾತ್ರ...

ಕಳೆದ ತಿಂಗಳು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ನನ್ನ ಕೈ ಹಿಡಿದುಕೊಂಡೆ. "ಇನ್ನೂವೆ ಹಾರುಸ್ತೀಯೇನಮ್ಮಿ?" ಎಂದು ಕೇಳಿದೆ. ನಾನು ಹೌದೆಂದು ತಲೆಯಾಡಿಸಿದೆ. "ನಂಗದು ಕೈ ಅತ್ನಿಲ್ಲ ಬುಡು," ಎಂದು ನೀನು ನಕ್ಕೆ. ಬಸ್ಸು ಬಂತು, ನಾನು ಹತ್ತಿಬಿಟ್ಟೆ.

ಈ ಭಾನುವಾರ ಬರುತ್ತೇನೆ. ಮನಸ್ಸಿನಲ್ಲೇ ಹೇಳಿಕೊಂಡ ಇದೆಲ್ಲವನ್ನೂ ನಿನ್ನೆದುರು ನಿಂತು ಬಾಯಿಬಿಟ್ಟು ಹೇಳುತ್ತೇನೆ. ಕೇಳಿಸಿಕೊಂಡು ನೀನು ಬಾಗಿಲು ಹಾಕಿಕೊಂಡರೂ ಸರಿ—ನಿನಗದು ಕೈ ಹತ್ತಿತ್ತು ಶಾಹೀನಾ, ಅಷ್ಟು ನಿನಗೆ ತಿಳಿಯಬೇಕು.